ಸೈಕಲ್ ತುಳಿಯುತ್ತ ನೋಡಬಹುದಾದ ರಾಷ್ಟ್ರೀಯ ಉದ್ಯಾನ ಭಾರತದಲ್ಲಿ ಇದೆಯೇ?

ಇದೆ, ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ ರಾಷ್ಟ್ರೀಯ ಉದ್ಯಾನ. ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿ ಎಂದರೆ ವಾಹನದಲ್ಲೇ. ಆನೆ, ಹುಲಿ ಓಡಾಡುವ ಕಾಡಿನಲ್ಲಿ ಅದು ಸರಿಯೇ. ಭರತಪುರದ್ದು ಸುಮಾರು 29 ಚದರ ಕಿ.ಮೀ. ವಿಸ್ತಾರದ ಸಮತಟ್ಟು ಜೌಗುನೆಲ, ಮುಖ್ಯವಾಗಿ ಹಕ್ಕಿಗಳ ಬೀಡು. 1985ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣಗಳ ಪಟ್ಟಿಯಲ್ಲಿದೆ.

ಗೇಟಿನ ಬಳಿಯೇ ಸೈಕಲ್ ಬಾಡಿಗೆಗೆ ಸಿಗುತ್ತದೆ. ತುಳಿಯಲಾಗದವರಿಗೆ ಸೈಕಲ್ ರಿಕ್ಷಾ ಇದೆ. ಅದನ್ನು ಓಡಿಸುವವರಲ್ಲಿ ಅನೇಕರು ಹಕ್ಕಿ ಗುರುತಿಸುವ ತರಬೇತಿ ಪಡೆದ ಸ್ಥಳೀಯರು. ಯಾವ ಮರದಲ್ಲಿ ಗೂಬೆ ಕೂತಿದೆ ಎಂದು ಅವರಿಗೇ ಚೆನ್ನಾಗಿ ಗೊತ್ತು. ವಯಸ್ಸಾದ ಅಪ್ಪ-ಅಮ್ಮನ ಜೊತೆ ಹೋಗುವುದಾದರೆ ರಿಕ್ಷಾವೇ ವಾಸಿ ಎನ್ನುತ್ತೇನೆ. ಎಂಜಿನ್ ಸದ್ದಿಲ್ಲದ ಕಾರಣ ದಾರಿಯ ಎರಡೂ ಬದಿಯ ನೀರಿನಲ್ಲಿ ಹಕ್ಕಿಗಳು ಬೆದರದೆ ಮೇಯುತ್ತಿರುತ್ತವೆ. ನಮ್ಮ ಕೊಕ್ಕರೆ ಬೆಳ್ಳೂರಿಗೆ ಬರುವ ಬಣ್ಣದ ಕೊಕ್ಕರೆ ಅಲ್ಲೂ ಗೂಡು ಕಟ್ಟುತ್ತದೆ.

ಕಾರು ಬೇಕಿಲ್ಲ: ಭರತಪುರ ದೆಹಲಿ–ಮುಂಬೈ ರೈಲು ಮಾರ್ಗದಲ್ಲೇ ಇದೆ, ನಿಲ್ದಾಣದಿಂದ ಆಟೊ ಸಾಕು. ನವೆಂಬರ್‌ನಿಂದ ಫೆಬ್ರುವರಿವರೆಗೆ ವಲಸೆ ಹಕ್ಕಿಗಳ ಕಾಲ. ಜನವರಿಯ ಬೆಳಗ್ಗೆ ಮಂಜು ಮುಸುಕಿರುವುದುಂಟು, ಸ್ವೆಟರ್ ಒಯ್ಯಿರಿ. ಬಾಡಿಗೆ ಸೈಕಲ್ ಹತ್ತುವ ಮುಂಚೆ ಬ್ರೇಕ್ ಹಿಡಿದು ನೋಡಿ.