ವಾಹನ ಪ್ರಶ್ನೋತ್ತರ: ತೊಗರಿ ರಾಶಿಗೆ ಸೈನ್ಯದ ಹಳೆಯ ಟ್ರಕ್ಕು ಒದಗೀತೇ?

ಪ್ರಶ್ನೆ: ಶರಣು. ನಮ್ಮದು ಭೀಮಾ ದಂಡೆಯ ಹಳ್ಳಿ. 22 ಎಕರೆ ಎರೆ ಹೊಲವಿದ್ದು ಅಷ್ಟಕ್ಕೂ ತೊಗರಿ ಹಾಕುತ್ತೇವೆ. ಮನೆಯಲ್ಲಿರುವ ಒಂದೇ ಟ್ರ್ಯಾಕ್ಟರ್ ದೀಪಾವಳಿ ಮುಗಿದ ಕೂಡಲೇ ಕಬ್ಬಿನ ಸಾಗಾಟಕ್ಕೆ ಹೋದರೆ ಫೆಬ್ರವರಿಯವರೆಗೆ ಮನೆಯ ಕಡೆ ಬರುವುದಿಲ್ಲ. ಅದೇ ಚಳಿಗಾಲದಲ್ಲಿ ನಮ್ಮ ರಾಶಿ ಇರುತ್ತದೆ. ಹೋದ ಡಿಸೆಂಬರಿನಲ್ಲಿ ಮೋಡ ಕವಿದಾಗ ಬಾಡಿಗೆ ಗಾಡಿ ಸಿಗದೆ ಕಣದಲ್ಲಿದ್ದ ಕಾಳು ನೆನೆಯಿತು. ಚಳಿಗೆ ತಾಯಿಯವರ ಉಬ್ಬಸವೂ ಹೆಚ್ಚಾಗುತ್ತದೆ. ರಾತ್ರಿ ಹೊತ್ತು ಅವರನ್ನು ಕಲಬುರಗಿಗೆ ಕರೆದೊಯ್ಯಬೇಕಾದರೆ ಡಾಂಬರು ರಸ್ತೆಯವರೆಗೆ ಮೂರು ಕಿಲೋಮೀಟರ್ ಹೊಲದ ದಾರಿ ದಾಟಬೇಕು. ಸೈನ್ಯದಿಂದ ನಿವೃತ್ತರಾದ ನಮ್ಮ ಭಾವನವರು, ಸೈನ್ಯದ ಹಳೆಯ ಟ್ರಕ್ಕು ಹರಾಜಿನಲ್ಲಿ ಅಗ್ಗಕ್ಕೆ ಸಿಗುತ್ತದೆ, ನಾಲ್ಕೂ ಗಾಲಿ ಎಳೆಯುವ ಆ ಗಾಡಿ ಯಾವ ರಾಡಿಯಲ್ಲೂ ನಿಲ್ಲುವುದಿಲ್ಲ ಎನ್ನುತ್ತಾರೆ. ಆಪತ್ತಿಗೆಂದು ಒಂದನ್ನು ಕೊಂಡು ಇಟ್ಟುಕೊಳ್ಳಬಹುದೇ?
— ಓದುಗರು, ಜೇವರ್ಗಿ ತಾಲ್ಲೂಕು

ಉತ್ತರ: ಶರಣು. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಅಗತ್ಯಗಳಿವೆ, ಒಂದು ಕಾಳಿನದು, ಇನ್ನೊಂದು ತಾಯಿಯವರದು. ಎರಡಕ್ಕೂ ಒಂದೇ ಗಾಡಿ ಹುಡುಕಲು ಹೊರಟದ್ದರಿಂದಲೇ ನಿಮ್ಮ ಕಣ್ಣು ಟ್ರಕ್ಕಿನ ಮೇಲೆ ಬಿದ್ದಿದೆ ಎಂದು ನನಗನ್ನಿಸುತ್ತದೆ. ಟ್ರಕ್ಕು ಕೊಳ್ಳಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹಾಗೆ ಹೇಳುವುದಕ್ಕೆ ಕಾರಣಗಳನ್ನೂ, ಬದಲಿಗೆ ಏನು ಮಾಡಬಹುದೆಂಬುದನ್ನೂ ತುಸು ವಿವರವಾಗಿಯೇ ಬರೆಯುತ್ತೇನೆ.

ಮೊದಲು ಹೊರೆಯ ಲೆಕ್ಕ ಹಾಕೋಣ. ಎಕರೆಗೆ 5 ಕ್ವಿಂಟಲ್ ಬಂತೆಂದರೂ 22 ಎಕರೆಗೆ 110 ಕ್ವಿಂಟಲ್, ಅಂದರೆ 11 ಟನ್ ಆಯಿತು. ಐದು ಟನ್ ಹೊರುವ ಟ್ರಕ್ಕಿಗೆ ಅದು ಮೂರು ಖೇಪು. ವರ್ಷದಲ್ಲಿ ಮೂರು ಖೇಪು ಹೊಡೆಯಲು ಒಂದು ಟ್ರಕ್ಕನ್ನು 365 ದಿನ ಅಂಗಳದಲ್ಲಿ ಸಾಕುವುದು ರೈತರ ಮನೆಗೆ ಹೊರೆಯಾಗುತ್ತದೆ. ಹೋದ ವರ್ಷ ನಿಮ್ಮ ಕಾಳು ನೆನೆದದ್ದು ಗಾಡಿ ಇಲ್ಲದ್ದಕ್ಕಲ್ಲ, ಮೇಲೆ ಹೊದಿಸಲು ಸಾಕಷ್ಟು ತಾಡಪತ್ರಿ ಇಲ್ಲದ್ದಕ್ಕೆ. ಕಣಕ್ಕೆ ಸಾಲುವಷ್ಟು ಗಟ್ಟಿ ತಾಡಪತ್ರಿಗಳನ್ನು ಕೊಂಡು, ಕಣದ ಸುತ್ತ ನೀರು ಹರಿದುಹೋಗಲು ಒಂದು ಕಾಲುವೆ ತೆಗೆದಿಟ್ಟರೆ, ಬಾಡಿಗೆ ಗಾಡಿ ನಾಲ್ಕು ದಿನ ತಡವಾದರೂ ಕಾಳು ಕೆಡುವುದಿಲ್ಲ.

ಇನ್ನು ರಾಡಿಯ ಮಾತು. ಭಾವನವರು ಹೇಳುವುದು ಮರಳಿನಲ್ಲಿ, ಕಲ್ಲುಗುಡ್ಡದಲ್ಲಿ, ಘಟ್ಟದ ಏರಿನಲ್ಲಿ ನಿಜವೇ. ನಮ್ಮ ಎರೆ ಭೂಮಿಯ ಸ್ವಭಾವ ಬೇರೆ. ಒಣಗಿದಾಗ ಬಿರುಕು ಬಿಟ್ಟು ಕಲ್ಲಿನಂತಾಗುವ ಈ ಮಣ್ಣು ಒಂದು ತಾಸು ಮಳೆ ಬಿದ್ದರೆ ನೀರು ಹೀರಿ ಉಬ್ಬುತ್ತದೆ, ಮೊದಲ ಹತ್ತು ಮಾರಿನೊಳಗೇ ಟಯರಿನ ಗೀರುಗಳನ್ನೆಲ್ಲ ತುಂಬಿಕೊಂಡು ಅದನ್ನು ಬೋಳು ಮಾಡುತ್ತದೆ. ಆಮೇಲೆ ಎಂಜಿನ್ನಿನ ಶಕ್ತಿ ನಾಲ್ಕು ಗಾಲಿಗೆ ಹೋದರೆ ನಾಲ್ಕೂ ಗಾಲಿಗಳು ಒಟ್ಟಿಗೆ ಜಾರುತ್ತವೆ, ಅಷ್ಟೇ. ಟ್ರ್ಯಾಕ್ಟರಿನ ಹಿಂದಿನ ಟಯರಿನಲ್ಲಿ ಎತ್ತರದ ಹಲ್ಲುಗಳ ನಡುವೆ ಅಗಲವಾದ ಜಾಗವಿರುವುದರಿಂದ ಗಾಲಿ ತಿರುಗಿದಂತೆ ಮಣ್ಣು ತಾನೇ ಕಳಚಿ ಬೀಳುತ್ತದೆ. ಟ್ರಕ್ಕಿಗೆ ಆ ಅನುಕೂಲವಿಲ್ಲ, ಅದರ ಮೇಲೆ ಟನ್ನುಗಟ್ಟಲೆ ಸ್ವಂತ ಭಾರ ಬೇರೆ. ಎರೆಯಲ್ಲಿ ಅಚ್ಚಿನವರೆಗೆ ಹೂತ ಟ್ರಕ್ಕನ್ನು ಎಳೆಯಲು ಎರಡು ಟ್ರ್ಯಾಕ್ಟರ್ ಬೇಕಾಗುತ್ತದೆ, ಆ ಹೊತ್ತಿಗೆ ಊರಿನ ಟ್ರ್ಯಾಕ್ಟರುಗಳೆಲ್ಲ ಕಬ್ಬಿನ ಸಾಲಿನಲ್ಲಿ ನಿಂತಿರುತ್ತವೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದ್ದನ್ನು ಕಂಡವರು ನೀವು. ಗಾಡಿ ಎತ್ತರವಿದೆ ಎಂಬ ಧೈರ್ಯದಿಂದ ಹಳ್ಳದ ಹರಿಯುವ ನೀರಿಗೆ ಇಳಿಸುವ ಯೋಚನೆಯನ್ನಂತೂ ಯಾವ ಗಾಡಿಯಲ್ಲೂ ಮಾಡಬೇಡಿ.

ಹರಾಜಿನಲ್ಲಿ ಕಾಣಸಿಗುವ ಗಾಡಿಗಳ ಬಗ್ಗೆಯೂ ತಿಳಿದಿರಲಿ. ಶಕ್ತಿಮಾನ್ ಟ್ರಕ್ಕು ಜರ್ಮನಿಯ ಮಾನ್ ಕಂಪನಿಯ ಪರವಾನಗಿಯ ಮೇಲೆ ಜಬಲ್‌ಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು; 1990ರ ದಶಕದಲ್ಲಿ ಅದರ ತಯಾರಿಕೆ ನಿಂತು, ಆ ಜಾಗಕ್ಕೆ ಅಶೋಕ್ ಲೇಲ್ಯಾಂಡಿನ ಸ್ಟಾಲಿಯನ್ ಮತ್ತು ಟಾಟಾ ಕಂಪನಿಯ ಎಲ್‌ಪಿಟಿಎ ಟ್ರಕ್ಕುಗಳು ಬಂದವು. ಜಪಾನಿನ ನಿಸಾನ್ ಕಂಪನಿಯ ‘ಪಟ್ರೋಲ್’ ಎಂಬ ಜೀಪಿನ ಮಾದರಿಯ ಜೋಂಗಾ ಕೂಡ ಜಬಲ್‌ಪುರದ್ದೇ. ಅದರ ಸುಮಾರು ನಾಲ್ಕು ಲೀಟರಿನ, ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿನ ಸದ್ದು ಕೇಳಲು ಬಹಳ ಹಿತ, ಆದರೆ ಒಂದು ಲೀಟರಿಗೆ ನಾಲ್ಕೈದು ಕಿಲೋಮೀಟರ್ ಓಡುವ ಗಾಡಿಯದು. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿದ ಜೋಂಗಾಗಳೂ ಮಾರಾಟಕ್ಕೆ ಬರುತ್ತವೆ. ಆರ್‌ಟಿಓ ಒಪ್ಪಿಗೆಯಿಲ್ಲದೆ ಎಂಜಿನ್ ಬದಲಿಸಿದ್ದರೆ ಅದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧವಾಗುತ್ತದೆ, ಕೊಂಡವರೇ ಅದರ ತೊಂದರೆ ಅನುಭವಿಸಬೇಕಾಗುತ್ತದೆ.

ಕಾಗದಪತ್ರದ ವಿಷಯವೇ ಇದರಲ್ಲಿ ಎಲ್ಲಕ್ಕಿಂತ ಮುಖ್ಯ. ಸೈನ್ಯದ ಸೇವೆಯಲ್ಲಿರುವ ಗಾಡಿಗೆ ಮೇಲ್ಮುಖ ಬಾಣದ ಗುರುತಿನ ಸಂಖ್ಯೆಯಿರುತ್ತದೆ. ನಮ್ಮ ಆರ್‌ಟಿಓ ಕಚೇರಿಯ ದಾಖಲೆಯಲ್ಲಿ ಅದು ಇರುವುದೇ ಇಲ್ಲ. ಆದ್ದರಿಂದ ಅದನ್ನು ಕೊಂಡವರು ವರ್ಗಾವಣೆಯನ್ನಲ್ಲ, ಹೊಸ ನೋಂದಣಿಯನ್ನೇ ಮಾಡಿಸಬೇಕು. ಅದಕ್ಕೆ ಫಾರಂ 20ರ ಅರ್ಜಿಯ ಜೊತೆಗೆ ಸೈನ್ಯದ ಸಂಬಂಧಪಟ್ಟ ಅಧಿಕಾರಿಗಳು ಕೊಟ್ಟ ಫಾರಂ 21ರ ಮೂಲ ಮಾರಾಟ ಪ್ರಮಾಣಪತ್ರ ಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 47ನೇ ನಿಯಮ ಹೇಳುತ್ತದೆ. ಹರಾಜಿನ ರಸೀದಿ, ವಕೀಲರ ಮುಂದೆ ಮಾಡಿಸಿದ ಬಾಂಡು, ಗುಜರಿ ವ್ಯಾಪಾರಿಯ ಚೀಟಿ ಇವು ಯಾವುವೂ ಅದರ ಜಾಗಕ್ಕೆ ಬರುವುದಿಲ್ಲ. ಆ ಒಂದು ಹಾಳೆ ಕೈಯಲ್ಲಿದ್ದು, ಅದರಲ್ಲಿನ ಚಾಸಿ ಸಂಖ್ಯೆಯೂ ಎಂಜಿನ್ ಸಂಖ್ಯೆಯೂ ಗಾಡಿಯ ಮೇಲೆ ಕೊರೆದ ಸಂಖ್ಯೆಗೆ ಅಕ್ಷರಕ್ಕೆ ಅಕ್ಷರ ಕೂಡಿದರೆ ಮಾತ್ರ ಮುಂದಿನ ಮಾತು. 2023ರ ಏಪ್ರಿಲ್ 1ರಿಂದ ಸರ್ಕಾರಿ ವಾಹನಗಳ ನೋಂದಣಿ 15 ವರ್ಷಕ್ಕೆ ಕೊನೆಗೊಂಡು ಅವು ಗುಜರಿ ಕೇಂದ್ರಕ್ಕೆ ಹೋಗಬೇಕೆಂಬ ನಿಯಮವೂ ಬಂದಿದೆ, ದೇಶದ ರಕ್ಷಣೆ, ಕಾನೂನು ಸುವ್ಯವಸ್ಥೆ ಮತ್ತು ಆಂತರಿಕ ಭದ್ರತೆಯ ಕಾರ್ಯಾಚರಣೆಯ ವಿಶೇಷ ವಾಹನಗಳಿಗೆ ಮಾತ್ರ ಅದರಿಂದ ವಿನಾಯಿತಿಯಿದೆ. ಹೀಗಾಗಿ ಹರಾಜಿನ ಪಟ್ಟಿಯಲ್ಲಿ ಆ ಲಾಟು ಬಳಕೆಯ ವಾಹನವೆಂದು ಇದೆಯೋ ಗುಜರಿಯೆಂದು ಇದೆಯೋ ಎಂಬುದನ್ನು ಎರಡೆರಡು ಸಲ ಓದಿ. ಗುಜರಿಯೆಂದು ಮಾರಿದ್ದು ಎಷ್ಟೇ ಚೆನ್ನಾಗಿ ಓಡಿದರೂ ರಸ್ತೆಗೆ ಬರುವಂತಿಲ್ಲ.

ಟ್ರಕ್ಕಿಗಾದರೆ ಇಷ್ಟಕ್ಕೇ ಮುಗಿಯುವುದಿಲ್ಲ. ಒಟ್ಟು ತೂಕ 3000 ಕಿಲೋ ಮೀರಿದ ಸರಕು ವಾಹನಕ್ಕೆ, ಹೊರುವುದು ನಿಮ್ಮದೇ ತೊಗರಿಯಾದರೂ, ಪರ್ಮಿಟ್ ಬೇಕು. ಎಂಟು ವರ್ಷ ಮೀರಿದ ಗಾಡಿಗೆ ಪ್ರತಿವರ್ಷ ಫಿಟ್‌ನೆಸ್ ಆಗಬೇಕು, ವಿಮೆ ಇರಬೇಕು, ಒಟ್ಟು ತೂಕ 7500 ಕಿಲೋ ದಾಟಿದರೆ ಓಡಿಸುವವರ ಬಳಿ ಭಾರಿ ವಾಹನದ ಲೈಸೆನ್ಸ್ ಇರಬೇಕು. ಭಾವನವರ ಬಳಿ ಅದು ಇದ್ದೀತು. ಆದರೆ ತಾಯಿಯವರಿಗೆ ಉಸಿರು ಕಟ್ಟುವ ರಾತ್ರಿ ಭಾವನವರು ನಿಮ್ಮ ಊರಿನಲ್ಲೇ ಇರುತ್ತಾರೆಂದು ಹೇಳಲಾಗದು.

ಆ ರಾತ್ರಿಗಾಗಿ ನೀವು ಗಾಡಿ ಕೊಳ್ಳುವುದಾದರೆ, ಫಾರಂ 21 ಸರಿಯಾಗಿರುವ, ಸೈನ್ಯದ ಹಳೆಯ ಮಾರುತಿ ಜಿಪ್ಸಿ ಜೀಪನ್ನು ನೋಡಿ. 1300 ಸಿಸಿ ಪೆಟ್ರೋಲ್ ಎಂಜಿನ್ನಿನ, ಸುಮಾರು ಒಂದು ಟನ್ ತೂಕದ ಹಗುರ ಗಾಡಿ ಅದು. ಎರೆಯಲ್ಲಿ ಸಿಕ್ಕಿಕೊಂಡರೂ ನಾಲ್ಕು ಜನ ಸೇರಿ ನೂಕಿ ತೆಗೆಯಬಹುದು, ಬಿಡಿಭಾಗಗಳೂ ಕಲಬುರಗಿಯ ಮಿಸ್ತ್ರಿಗಳಿಗೆ ಹೊಸವೇನಲ್ಲ. ಮುಂದಿನ ಪ್ರತಿ ಗಾಲಿಯ ಮಧ್ಯದಲ್ಲಿ ಕೈಯಿಂದ ತಿರುಗಿಸುವ ಬಿಲ್ಲೆಯಂಥ ಹಬ್ ಇದ್ದರೆ, ಇಳಿದು ಎರಡೂ ಕಡೆ ಅದನ್ನು ಲಾಕ್ ಸ್ಥಾನಕ್ಕೆ ತಿರುಗಿಸದೆ ಒಳಗಿನ ಫೋರ್‌ವೀಲ್ ಗೇರು ಹಾಕಿದರೆ ಮುಂದಿನ ಗಾಲಿಗಳು ಎಳೆಯುವುದಿಲ್ಲ. ಕೊಳ್ಳುವ ಮೊದಲು ಇದನ್ನು ಹಾಕಿ ತೆಗೆದು ನೋಡಿ, ತುಕ್ಕು ಹಿಡಿದು ಬಿಗಿದಿರುವುದು ಬಹಳ. ತಳದ ಚಾಸಿಯನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತ ಹೋಗಿ. ಗಟ್ಟಿ ಕಬ್ಬಿಣದ ಟಣ್ ಸದ್ದು ಎಲ್ಲಿ ಮಂದವಾಗುತ್ತದೆಯೋ ಅಲ್ಲಿ ಬಣ್ಣದ ಕೆಳಗೆ ತುಕ್ಕು ತಿಂದಿದೆ ಎಂದು ತಿಳಿಯಿರಿ.

ಹುಮನಾಬಾದ್ ರಸ್ತೆಯ ಒಂದು ಗ್ಯಾರೇಜಿನಲ್ಲಿ ನಾನೇ ಕಂಡ ಒಂದು ಸೈನ್ಯದ ಗಾಡಿಯನ್ನು ಇಲ್ಲಿ ನೆನೆಯಬೇಕು. ಅದು ಓಡಿದ್ದು ಬಹಳ ಕಡಿಮೆ, ಟಯರಿನ ಹಲ್ಲುಗಳು ಹೊಸದರಂತೆ ಎದ್ದು ಕಾಣುತ್ತಿದ್ದವು. ಕೊಂಡವರಿಗೆ ಅದೇ ಸಂತೋಷ. ಟಯರಿನ ಪಕ್ಕೆಯಲ್ಲಿ 1809 ಎಂದು ಕೊರೆದಿತ್ತು, ಅಂದರೆ 2009ನೇ ಇಸವಿಯ 18ನೇ ವಾರದಲ್ಲಿ ತಯಾರಾದದ್ದು. ಉಗುರಿನಿಂದ ಒತ್ತಿದರೆ ರಬ್ಬರಿನಲ್ಲಿ ಸಣ್ಣ ಬಿರುಕುಗಳು ಬಾಯಿ ತೆರೆಯುತ್ತಿದ್ದವು. ಬ್ರೇಕಿನ ಪೈಪು, ರೇಡಿಯೇಟರಿನ ಹೋಸು, ಎಣ್ಣೆ ತಡೆಯುವ ಸೀಲು ಎಲ್ಲವೂ ಅದೇ ವಯಸ್ಸಿನವು. ನಿಂತ ಗಾಡಿಯಲ್ಲಿ ಎಂಜಿನ್ ಸವೆಯದಿದ್ದರೂ ರಬ್ಬರು ಮುದಿಯಾಗುತ್ತಲೇ ಇರುತ್ತದೆ. ಕೊಂಡ ಬೆಲೆಯ ಜೊತೆಗೆ ಐದು ಟಯರು, ಬ್ಯಾಟರಿ, ಹೋಸುಗಳು ಮತ್ತು ಬ್ರೇಕಿನ ಕೆಲಸಕ್ಕೆ ಹಣ ತೆಗೆದಿಟ್ಟೇ ಹರಾಜಿಗೆ ಹೋಗಿ. ಮನೆಗೆ ತಂದ ಮೇಲೂ ಹದಿನೈದು ದಿನಕ್ಕೊಮ್ಮೆ ಕಟ್ಟಿಸಂಗಾವಿ ಸೇತುವೆಯವರೆಗಾದರೂ ಓಡಿಸಿ ತನ್ನಿ, ಬರಿದೇ ಚಾಲೂ ಮಾಡಿ ಬಂದ್ ಮಾಡಿದರೆ ಬ್ಯಾಟರಿ ತುಂಬುವುದಿಲ್ಲ, ಬ್ರೇಕೂ ಸಡಿಲಾಗುವುದಿಲ್ಲ. ರಾಶಿಯ ಕಾಲದಲ್ಲಿ ಇಲಿಗಳು ಕಾಳಿನ ಜೊತೆಗೆ ಬಾನೆಟ್ಟಿನೊಳಗಿನ ವೈರನ್ನೂ ಹುಡುಕಿಕೊಂಡು ಬರುತ್ತವೆ. ಗಾಡಿಯನ್ನು ಕಣದಿಂದಲೂ ಹೊಟ್ಟಿನ ಬಣವೆಯಿಂದಲೂ ದೂರ ನಿಲ್ಲಿಸಿ.

ತಾಯಿಯವರ ಔಷಧ ಮತ್ತು ವೈದ್ಯರು ಹೇಳಿದ ಉಸಿರಿನ ಯಂತ್ರ ಮನೆಯಲ್ಲೇ ಸಿದ್ಧವಿರಲಿ, 108ಕ್ಕೆ ಕರೆ ಮಾಡುವುದನ್ನು ಮನೆಯ ಮಕ್ಕಳಿಗೂ ಕಲಿಸಿಡಿ. ಆಂಬುಲೆನ್ಸ್ ಡಾಂಬರು ರಸ್ತೆಗೆ ಬರುವಷ್ಟರಲ್ಲಿ ಜಿಪ್ಸಿ ಆ ಮೂರು ಕಿಲೋಮೀಟರ್ ದಾಟಿಸಿದರೆ ಸಾಕು.

ಪ್ರಶ್ನೆ: ನಮ್ಮ ಊರಿನಲ್ಲೇ ವಾಯುನೆಲೆ ಇದೆ. ಅಲ್ಲಿಯ ಹಳೆಯ ಜಿಪ್ಸಿಯನ್ನು ನೇರವಾಗಿ ಕೊಡಿಸುತ್ತೇನೆಂದು ಒಬ್ಬರು ಫೋನಿನಲ್ಲಿ ಮುಂಗಡ ಕೇಳುತ್ತಿದ್ದಾರೆ. ಹಸಿರು ಬಣ್ಣವನ್ನು ಹಾಗೆಯೇ ಉಳಿಸಿಕೊಳ್ಳುವ ಆಸೆಯೂ ಇದೆ.
— ಓದುಗರು, ಬೀದರ

ಉತ್ತರ: ದಯವಿಟ್ಟು ಒಂದು ರೂಪಾಯಿಯನ್ನೂ ಕಳಿಸಬೇಡಿ. ಸೈನ್ಯದ ಹಳೆಯ ಸಾಮಾನು ಮತ್ತು ವಾಹನಗಳ ವಿಲೇವಾರಿ ಕೇಂದ್ರ ಸರ್ಕಾರದ ಉದ್ಯಮವಾದ ಎಂಎಸ್‌ಟಿಸಿಯಂಥ ಸಂಸ್ಥೆಗಳ ಆನ್‌ಲೈನ್ ಹರಾಜಿನ ಮೂಲಕ ನಡೆಯುತ್ತದೆ. ಅದಕ್ಕೆ ನಿಮ್ಮ ಹೆಸರಿನಲ್ಲಿ ನೋಂದಣಿ ಮಾಡಿಸಿಕೊಂಡು, ಠೇವಣಿಯನ್ನು ಸಂಸ್ಥೆ ಸೂಚಿಸಿದ ಖಾತೆಗೇ ಕಟ್ಟಿ, ಗೊತ್ತುಪಡಿಸಿದ ದಿನ ಗಾಡಿಯನ್ನು ಕಣ್ಣಾರೆ ನೋಡಿ ಬರಬೇಕು. ಇದ್ದಲ್ಲಿ ಇದ್ದಂತೆಯೇ ಮಾರುವುದರಿಂದ ಆಮೇಲಿನ ತಕರಾರಿಗೆ ಅವಕಾಶವಿರುವುದಿಲ್ಲ. ಸಮವಸ್ತ್ರದ ಫೋಟೋ, ಗುರುತಿನ ಚೀಟಿಯ ಚಿತ್ರ ಕಳಿಸಿ ವೈಯಕ್ತಿಕ ಖಾತೆಗೆ ಮುಂಗಡ ಕೇಳುವವರು ಮೋಸಗಾರರೆಂದೇ ತಿಳಿದು, ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಿ. ಬಣ್ಣದ ವಿಷಯದಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ಸೈನ್ಯದ ಆ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲು. ಕೆಎ 38ರ ಸಂಖ್ಯೆ ಪಡೆಯಲು ಗಾಡಿಯನ್ನು ತಪಾಸಣೆಗೆ ಒಯ್ಯುವ ಮೊದಲೇ ಬೇರೆ ಬಣ್ಣ ಹೊಡೆಸಿ, ಆ ಬಣ್ಣವನ್ನೇ ಅರ್ಜಿಯಲ್ಲಿ ಬರೆಯಿರಿ.