ಚಿಮಣಿಯ ಲೇಸರ್ ಮೀಟರ್ ನಂಬಬಹುದಾ?

ನೀವು ಕೇಳಿದ್ದು ಇಷ್ಟು. ಶಿವಮೊಗ್ಗದ ಹತ್ತಿರ ನಿಮ್ಮೂರಿನ ಪಕ್ಕದ ಕಾರ್ಖಾನೆಯವರು ಚಿಮಣಿಗೆ ಲೇಸರ್ ಮೀಟರ್ ಕೂರಿಸಿದ್ದಾರೆ. ಗೇಟಿನ ಬೋರ್ಡಿನಲ್ಲಿ ಅಂಕಿಗಳೆಲ್ಲ ಮಿತಿಯ ಒಳಗೇ ಇವೆ. ಆದರೂ ಚಳಿಗಾಲದ ಬೆಳಗ್ಗೆ ತೋಟಕ್ಕೆ ಇಳಿದರೆ ಕೊಳೆತ ಮೊಟ್ಟೆಯ ವಾಸನೆ. ಸುಳ್ಳು ಹೇಳುತ್ತಿರುವುದು ಮೀಟರೋ, ಮೂಗೋ?

ಇಂಥ ಮೀಟರ್‌ಗಳನ್ನು ಕೂರಿಸುವುದು, ಒರೆಸುವುದು, ರಿಪೇರಿ ಮಾಡುವುದು ಹನ್ನೊಂದು ವರ್ಷ ನನ್ನ ಹೊಟ್ಟೆಪಾಡಾಗಿತ್ತು. ಈಗ ತೀರ್ಥಹಳ್ಳಿ ಕಡೆ ಅಡಿಕೆ ನೋಡಿಕೊಂಡಿದ್ದೇನೆ. ನನ್ನ ಪ್ರಕಾರ ಎರಡೂ ನಿಜವೇ ಹೇಳುತ್ತಿರಬಹುದು.

ನಮ್ಮ ಕಡೆಯ ಹಳೆ ಮನೆಗಳ ಅಡುಗೆಮನೆ ನೆನಪು ಮಾಡಿಕೊಳ್ಳಿ. ಗಾಜಿನ ಹೆಂಚಿನಿಂದ ಬಿಸಿಲುಕೋಲು ಇಳಿದಿರುತ್ತದೆ, ಒಲೆಯ ಹೊಗೆ ಅದರಲ್ಲಿ ಸುತ್ತುತ್ತಿರುತ್ತದೆ. ಅಲ್ಲಿ ಕಾಣುವುದು ಮಸಿಯ ಕಣ. ಅನಿಲ ಕಾಣುವುದಿಲ್ಲ. ಆದರೆ ಅನಿಲವೂ ಬೆಳಕನ್ನು ನುಂಗುತ್ತದೆ, ಅದೂ ಬಹಳ ಆರಿಸಿ ಆರಿಸಿ. ಬೆಳಕಿನ ಬಣ್ಣವನ್ನು ಅದರ ಅಲೆಯ ಉದ್ದದಿಂದ, ನ್ಯಾನೋಮೀಟರ್‌ನಲ್ಲಿ ಹೇಳುತ್ತಾರೆ. ಆಮ್ಲಜನಕಕ್ಕೆ 760 ನ್ಯಾನೋಮೀಟರ್ ಆಸುಪಾಸಿನ ಬೆಳಕು ಬೇಕು, ಅಮೋನಿಯಾಕ್ಕೆ 1512ರ ಹತ್ತಿರದ್ದು, ಮೀಥೇನ್‌ಗೆ 1653ರ ಹತ್ತಿರದ್ದು.

ಚಿಮಣಿಯ ಒಂದು ಬದಿಗೆ ಲೇಸರ್, ಎದುರು ಬದಿಗೆ ಬೆಳಕು ಹಿಡಿಯುವ ಡಿಟೆಕ್ಟರ್. ಲೇಸರ್ ಡಯೋಡಿಗೆ ಕೊಡುವ ಕರೆಂಟನ್ನು ಚೂರು ಹೆಚ್ಚುಕಮ್ಮಿ ಮಾಡಿದರೆ ಅದರ ಬಣ್ಣವೂ ಚೂರು ಸರಿಯುತ್ತದೆ. ಹೀಗೆ ಆ ಅನಿಲದ ಬಣ್ಣದ ಮೇಲೆ ಸೆಕೆಂಡಿಗೆ ಎಷ್ಟೋ ಸಲ ಹೋಗಿ ಬರುವಂತೆ ಮಾಡುತ್ತಾರೆ. ಧೂಳು ಈ ಬಣ್ಣಗಳನ್ನೆಲ್ಲ ಒಂದೇ ಸಮ ತಡೆಯುತ್ತದೆ. ಅನಿಲ ತನ್ನ ಬಣ್ಣದಲ್ಲಿ ಮಾತ್ರ ಒಂದು ತಗ್ಗು ತೋಡುತ್ತದೆ. ಆ ತಗ್ಗು ಎಷ್ಟು ಆಳ ಅಂತ ನೋಡಿ ಅನಿಲ ಎಷ್ಟಿದೆ ಎಂದು ಲೆಕ್ಕ. ಧೂಳಿನ ಚಿಮಣಿಯಲ್ಲೂ ಇದು ನಡೆಯುವುದು ಇದೇ ಕಾರಣಕ್ಕೆ. ಎಷ್ಟು ಚೆಂದದ ಉಪಾಯ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

ಕೈಕೊಡುವುದು ಲೇಸರ್ ಅಲ್ಲ ಮಾರಾಯ್ರೇ, ಅದರ ಮುಂದಿನ ಗಾಜು. ಗಾಜಿಗೆ ಮಸಿ ಕೂರಬಾರದು ಅಂತ ಸಣ್ಣ ಬ್ಲೋವರ್‌ನಿಂದ ಸದಾ ಗಾಳಿ ಊದುತ್ತಿರಬೇಕು. ಬಯಲುಸೀಮೆಯ ಒಂದು ಕಾರ್ಖಾನೆಗೆ ಹೋಗಿದ್ದೆ. ಬೋರ್ಡಿನಲ್ಲಿ ಚೆಂದದ ಅಂಕಿ. ಗ್ರಾಫ್ ತೆಗೆಸಿದರೆ ಹಿಂದಿನ ರಾತ್ರಿಯಿಂದ ಸ್ಕೇಲ್ ಇಟ್ಟು ಎಳೆದಂಥ ಗೆರೆ! ಬ್ಲೋವರ್ ಟ್ರಿಪ್ ಆಗಿತ್ತು, ಗಾಜು ಕಾವಲಿಯ ತಳದ ಹಾಗಿತ್ತು. ಬೆಳಕು ದಾಟದಿದ್ದಾಗ ಮೀಟರ್ ಕೊನೆಯ ಅಂಕಿಯನ್ನೇ ಹಿಡಿದುಕೊಂಡು ಕೂತಿತ್ತು. ಬೇಕಂತ ಯಾರೂ ಮೋಸ ಮಾಡಿರಲಿಲ್ಲ, ಯಾರೂ ಹತ್ತಿ ನೋಡಿರಲಿಲ್ಲ ಅಷ್ಟೆ. ಗಾಜು ಒರೆಸಿದ ಮೇಲೆ ಅಂಕಿ ಮತ್ತೆ ಕುಣಿಯತೊಡಗಿತು. ಬೆಂಕಿ ಉರಿಯುವ ಕಡೆ ಅಂಕಿ ಕುಣಿಯಲೇಬೇಕು. ಗಂಟೆಗಟ್ಟಲೆ ಅಲ್ಲಾಡದ ಗೆರೆ ಕಂಡರೆ ಪ್ರಶ್ನೆ ಕೇಳಿ. ಬೆಳಕು ಶೇಕಡಾ ಎಷ್ಟು ದಾಟುತ್ತಿದೆ ಅನ್ನುವುದನ್ನೂ ಮೀಟರ್ ತೋರಿಸುತ್ತದೆ. ಅದನ್ನೂ ಕೇಳಿ.

ಇನ್ನೊಂದು, ಮಜ್ಜಿಗೆಗೆ ನೀರು ಬೆರೆಸುವ ಲೆಕ್ಕ. ಚಿಮಣಿಗೆ ಹೊರಗಿನ ಗಾಳಿ ಸೇರಿದರೆ ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಅನಿಲ ಎಷ್ಟು ಪಾಲು ಅನ್ನುವ ಲೆಕ್ಕ) ಇಳಿಯುತ್ತದೆ, ಹೊರಗೆ ಹೋಗುವ ಅನಿಲ ಮಾತ್ರ ಅಷ್ಟೇ ಇರುತ್ತದೆ. ಎಷ್ಟು ಗಾಳಿ ಬೆರೆತಿದೆ ಅನ್ನುವುದು ಆಮ್ಲಜನಕದಿಂದ ಗೊತ್ತಾಗುತ್ತದೆ, ಅದಕ್ಕೇ ಅದನ್ನೂ ಅಳೆದು ಅಂಕಿ ತಿದ್ದುತ್ತಾರೆ. ತಿದ್ದಿದ ಅಂಕಿಯೋ ಅಲ್ಲವೋ ಕೇಳಿಕೊಳ್ಳಿ.

ಈಗ ನಿಮ್ಮ ವಾಸನೆ. ಕೊಳೆತ ಮೊಟ್ಟೆ ಅಂದರೆ ಸಾಮಾನ್ಯವಾಗಿ ಹೈಡ್ರೋಜನ್ ಸಲ್ಫೈಡ್. ನೂರು ಕೋಟಿ ಪಾಲು ಗಾಳಿಯಲ್ಲಿ ಕೆಲವೇ ಪಾಲು ಇದ್ದರೂ ನಮ್ಮ ಮೂಗಿಗೆ ಗೊತ್ತಾಗುತ್ತದೆ. ಚಿಮಣಿಯ ಮೀಟರ್ ಲೆಕ್ಕ ಹಾಕುವುದು ಪಿಪಿಎಂನಲ್ಲಿ, ಅಂದರೆ ಹತ್ತು ಲಕ್ಷಕ್ಕೆ ಒಂದು ಪಾಲು. ಈ ವಿಷಯದಲ್ಲಿ ಮೂಗೇ ಚುರುಕು. ಅದೂ ಅಲ್ಲದೆ ಒಂದು ಲೇಸರ್‌ಗೆ ಸಾಮಾನ್ಯವಾಗಿ ಒಂದೋ ಎರಡೋ ಅನಿಲ ಮಾತ್ರ ಗೊತ್ತು. ಸಲ್ಫರ್ ಡೈಆಕ್ಸೈಡಿಗೆ ಈ ಮಾಮೂಲಿ ಡಯೋಡ್ ಲೇಸರ್ ಸರಿಹೋಗುವುದಿಲ್ಲ. ಅದಕ್ಕೆ ನೇರಳಾತೀತ ಬೆಳಕಿನ ಮೀಟರ್‌ನಂಥದ್ದು ಬೇಕು, ಇಲ್ಲವೇ 1994ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನವರು ಮೊದಲು ಮಾಡಿ ತೋರಿಸಿದ ಕ್ವಾಂಟಂ ಕ್ಯಾಸ್ಕೇಡ್ ಎಂಬ ಬೇರೆ ಬಗೆಯ ಲೇಸರ್ ಬೇಕು. ನಿಮ್ಮ ಬೋರ್ಡಿನ ಪಟ್ಟಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಇದೆಯಾ, ಮೊದಲು ನೋಡಿ.

ನನಗೆ ಜಾಸ್ತಿ ಅನುಮಾನ ಬೇರೆ ಕಡೆ. ಆ ವಾಸನೆ ಚಿಮಣಿಯದ್ದೇ ಅಲ್ಲದಿರಬಹುದು. ಕಾರ್ಖಾನೆಯ ಕೊಳಚೆ ನೀರಿನ ಹೊಂಡದಲ್ಲಿ ಗಾಳಿ ಆಡದಿದ್ದರೆ ತಳದ ಕೆಸರು ಕೊಳೆತು ಇದೇ ಅನಿಲ ಏಳುತ್ತದೆ. ಚಳಿಗಾಲದ ರಾತ್ರಿ ತಣ್ಣನೆ ಗಾಳಿ ಕಣಿವೆಗೆ ಇಳಿದು ಕೂರುತ್ತದೆ, ಮೇಲಿನ ಬೆಚ್ಚನೆ ಗಾಳಿ ಮುಚ್ಚಳದ ಹಾಗೆ ನಿಲ್ಲುತ್ತದೆ. ಬಿಸಿಲೇರಿ ಮಂಜು ಕರಗುವ ತನಕ ವಾಸನೆ ನಿಮ್ಮ ತೋಟದಲ್ಲೇ. ಚಿಮಣಿಯೊಳಗಿನ ಲೇಸರ್‌ಗೆ ಇದು ಹೇಗೆ ಗೊತ್ತಾಗಬೇಕು, ಅಲ್ವಾ? ಬೇಲಿಯುದ್ದಕ್ಕೂ ಬೆಳಕು ಹಾಯಿಸಿ, ಆಚೆ ತುದಿಯ ಕನ್ನಡಿಯಿಂದ ವಾಪಸ್ ಹಿಡಿದು ಅಳೆಯುವ ಲೇಸರ್‌ಗಳೂ ಇವೆ. ನಿಮಗೆ ಬೇಕಾದದ್ದು ಅಂಥದ್ದು. ಆದರೆ ನಾವು ನೀವು ಕೊಳ್ಳುವ ಸಾಮಾನಲ್ಲ ಅದು.

ಕೈಲಾಗುವುದು ಹೇಳುತ್ತೇನೆ. ಹದಿನೈದು ದಿನ ಒಂದು ನೋಟ್‌ಬುಕ್‌ನಲ್ಲಿ ವಾಸನೆ ಬಂದ ದಿನ, ಗಂಟೆ, ಗಾಳಿ ಯಾವ ಕಡೆಯಿಂದ ಅಂತ ಬರೆಯಿರಿ. ಹೊಂಡದ ಕಡೆಯಿಂದ ಬಂದರೆ ಅದನ್ನೂ ಬರೆಯಿರಿ. ಹೆಚ್ಚು ಮಾಲಿನ್ಯದ 17 ಬಗೆಯ ಕಾರ್ಖಾನೆಗಳು ಸದಾ ಅಳೆಯುವ ಮೀಟರ್ ಹಾಕಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲೇ ಹೇಳಿದೆ. ಆ ಅಂಕಿಗಳು ಮಂಡಳಿಗೂ ಹೋಗುತ್ತವೆ. ನಿಮ್ಮ ಕಾರ್ಖಾನೆ ಆ ಪಟ್ಟಿಯಲ್ಲಿದ್ದರೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಶಿವಮೊಗ್ಗ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅದೇ ಹದಿನೈದು ದಿನದ ಅಂಕಿ ಕೇಳಿ. ಸಿಕ್ಕಿದ ಮೇಲೆ ಇಲ್ಲಿ ಹಾಕಿ, ಗೆರೆ ಕುಣಿಯುತ್ತಿದೆಯಾ ನೋಡೋಣ.