ಚೀಟಿ ಎತ್ತುವ ಮೊದಲು

ಮಾನ್ಯರೇ,

ಜಗಳೂರಿನಿಂದ ನೀವು ಬರೆದ ಮೂರು ಪುಟದ ಪತ್ರ, ಜೊತೆಗಿಟ್ಟ ಎರಡು ಕಥೆ ಮತ್ತು ಕರಾರಿನ ನಕಲು ತಲುಪಿವೆ. ಹದಿನಾಲ್ಕು ಕಥೆಗಳ ಸಂಕಲನ ಸಿದ್ಧವಾಗಿದೆ. ಪ್ರಕಾಶಕರೊಬ್ಬರು 500 ಪ್ರತಿಗೆ 60,000 ರೂಪಾಯಿ ಕೇಳಿದ್ದಾರೆ. ಅದರಲ್ಲಿ 200 ಪ್ರತಿ ನಿಮಗೆ, ಉಳಿದದ್ದು ಅವರಿಗೆ. ಶಾಲೆಯ ಸಹೋದ್ಯೋಗಿಗಳೊಂದಿಗೆ ಹಾಕಿರುವ ಚೀಟಿಯನ್ನು ಈ ತಿಂಗಳೇ ಕೂಗಿದರೆ ಹಣ ಹೊಂದುತ್ತದೆ. ಎತ್ತಲೇ, ಬೇಡವೇ ಎಂದು ಕೇಳಿದ್ದೀರಿ. ಪತ್ರಿಕೆಯಲ್ಲಿ ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ.

ಈ ತಿಂಗಳು ಎತ್ತಬೇಡಿ. ಅವಸರಕ್ಕೆ ಕೂಗಿದ ಚೀಟಿಯಲ್ಲಿ ಎಷ್ಟು ಕಳೆದುಕೊಳ್ಳಬೇಕಾಗುತ್ತದೆ ಎಂಬುದು ನನಗಿಂತ ನಿಮಗೆ ಗೊತ್ತು.

ಕೈಯಿಂದ ಹಣ ಹಾಕಿ ಪುಸ್ತಕ ತರುವುದು ಅವಮಾನ ಎನ್ನುವವನು ನಾನಲ್ಲ. ನನ್ನ ಮೊದಲ ಪುಸ್ತಕ ಬಂದದ್ದೂ ಹಾಗೆಯೇ. ಆದರೆ ಕೊಳ್ಳುತ್ತಿರುವುದು ಮುದ್ರಣವನ್ನೋ ಪ್ರಕಾಶನವನ್ನೋ ಎಂದು ತಿಳಿದು ಕೊಡಿ. ಮುದ್ರಣದ ಲೆಕ್ಕದಲ್ಲಿ 16 ಪುಟಕ್ಕೆ ಒಂದು ಫಾರಂ. ನಿಮ್ಮ 128 ಪುಟ ಎಂಟು ಫಾರಂ. ದಾವಣಗೆರೆಗೆ ಬಂದಾಗ ಯಾವುದಾದರೂ ಆಫ್‌ಸೆಟ್ ಮುದ್ರಣಾಲಯಕ್ಕೆ ಹೋಗಿ, ಡೆಮಿ ಅಳತೆ, ಎಂಟು ಫಾರಂ, 500 ಪ್ರತಿ, ಬಣ್ಣದ ರಕ್ಷಾಪುಟ ಎಂದು ಹೇಳಿ ದರ ಬರೆಸಿಕೊಳ್ಳಿ. ಅದನ್ನು ಅರವತ್ತು ಸಾವಿರದಲ್ಲಿ ಕಳೆಯಿರಿ. ಉಳಿದ ಹಣಕ್ಕೆ ಅವರು ಮಾಡುವ ಕೆಲಸವೇನು? ಕಥೆಗಳನ್ನು ಓದಿ ತಿದ್ದುವವರು ಯಾರು, ಕರಡನ್ನು ಎಷ್ಟು ಸಲ ನೋಡುತ್ತಾರೆ, ಪುಸ್ತಕ ಯಾವ ಊರಿನ ಯಾವ ಅಂಗಡಿಗೆ ಹೋಗುತ್ತದೆ? "ಎಲ್ಲಾ ನಾವು ನೋಡಿಕೊಳ್ಳುತ್ತೇವೆ ಮೇಡಂ" ಎಂಬುದನ್ನು ಉತ್ತರವೆಂದು ಎಣಿಸಬೇಡಿ.

ಕರಾರು ಓದಿದೆ. ಪುಸ್ತಕದ ಗುರುತಿನ ಸಂಖ್ಯೆಗೆ, ಅಂದರೆ ಐಎಸ್‌ಬಿಎನ್‌ಗೆ, ಪ್ರತ್ಯೇಕವಾಗಿ 3,000 ರೂಪಾಯಿ ಎಂದಿದೆ. ಆ 13 ಅಂಕಿಗಳನ್ನು ನಮ್ಮ ದೇಶದಲ್ಲಿ ಕೊಡುವುದು ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯ ರಾಜಾ ರಾಮಮೋಹನ ರಾಯ್ ಹೆಸರಿನ ಸಂಸ್ಥೆ. ಅದಕ್ಕೆ ಶುಲ್ಕವಿಲ್ಲ, ಲೇಖಕರೇ ಅರ್ಜಿ ಹಾಕಿಕೊಳ್ಳಬಹುದು. ಇನ್ನು ಏಳನೆಯ ಷರತ್ತು, ಸಕಲ ಹಕ್ಕುಗಳೂ ಶಾಶ್ವತವಾಗಿ ಪ್ರಕಾಶಕರಿಗೆ ಎಂಬುದು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ನಿಮ್ಮ ಕಥೆಗಳು ನೀವಿರುವಷ್ಟು ಕಾಲ ನಿಮ್ಮವು, ಆನಂತರ 60 ವರ್ಷ ನಿಮ್ಮ ವಾರಸುದಾರರವು. ಹಕ್ಕು ಬಿಟ್ಟುಕೊಡುವ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಕಾಯ್ದೆ ಅದನ್ನು ಐದು ವರ್ಷವೆಂದು ಪರಿಗಣಿಸುತ್ತದೆ. "ಶಾಶ್ವತ" ಎಂದು ಬರೆದ ಕಡೆ ನೀವೇ ಸಹಿ ಹಾಕಿದರೆ ಆ ಆಸರೆಯೂ ಇಲ್ಲ. ಹಣ ನಿಮ್ಮದು, ಕಥೆ ನಿಮ್ಮದು, ಹಕ್ಕು ಮಾತ್ರ ಅವರದೇಕೆ? ಮೊದಲ ಮುದ್ರಣಕ್ಕೆ ಮಾತ್ರ ಎಂದು ತಿದ್ದಿಸಿ. ಒಪ್ಪದಿದ್ದರೆ ಕೈಮುಗಿದು ಬನ್ನಿ.

ಅವರು ಉಳಿಸಿಕೊಳ್ಳುವ 300 ಪ್ರತಿಯ ಲೆಕ್ಕವೂ ನಿಮಗೆ ಹೊಳೆದಂತಿಲ್ಲ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಆಯ್ಕೆಯಾದ ಪುಸ್ತಕದ 300 ಪ್ರತಿ ಹೋಗುವುದು ರೂಢಿ. ಆಯ್ಕೆಯಾಗಿ ಹಣ ಬಂದರೆ ಅದರಲ್ಲಿ ನಿಮ್ಮ ಪಾಲೆಷ್ಟು? ಕರಾರಿನಲ್ಲಿ ಆ ಮಾತೇ ಇಲ್ಲ. ಬರೆಸಿಕೊಳ್ಳಿ.

ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅಲ್ಲಿ ಆಯ್ಕೆ ನಡೆಯುವುದು ಹಸ್ತಪ್ರತಿಗೆ. ಇಂದು ಅವಸರದಲ್ಲಿ ಅಚ್ಚು ಹಾಕಿಸಿದರೆ ನಾಳೆ ಕೊಡಲು ನಿಮ್ಮಲ್ಲಿ ಚೊಚ್ಚಲ ಹಸ್ತಪ್ರತಿಯೇ ಉಳಿದಿರುವುದಿಲ್ಲ. ನಿಮಗೆ 36 ಎಂದು ಬರೆದಿದ್ದೀರಿ. ವಯೋಮಿತಿಯನ್ನೂ ಉಳಿದ ನಿಯಮಗಳನ್ನೂ ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ದೂರು. ನಿಮ್ಮ ಪತ್ರದಲ್ಲಿ ರಕ್ಷಾಪುಟದ ಚಿತ್ರದ ಬಗ್ಗೆ ಅರ್ಧ ಪುಟವಿದೆ. ಮುನ್ನುಡಿ ಯಾರಿಂದ, ಬಿಡುಗಡೆ ದಾವಣಗೆರೆಯ ಕುವೆಂಪು ಕನ್ನಡ ಭವನದಲ್ಲೋ ಜಗಳೂರಿನಲ್ಲೋ ಎಂಬ ಚರ್ಚೆಯಿದೆ. ಹದಿನಾಲ್ಕು ಕಥೆಗಳನ್ನು ನಿಮ್ಮ ಹೊರತು ಯಾರು ಓದಿದ್ದಾರೆ ಎಂಬ ಸುದ್ದಿಯೇ ಇಲ್ಲ.

ನನ್ನ ಪುಸ್ತಕ ಅಚ್ಚಾದದ್ದು ದಾವಣಗೆರೆಯ ಮಂಡಿಪೇಟೆಯ ಹಿಂದಿನ ಗಲ್ಲಿಯಲ್ಲಿ, ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ. ಎರಡನೆಯ ಕರಡು ತಿದ್ದುತ್ತಾ ಕುಳಿತಿದ್ದೆ. ಮೊಳೆ ಜೋಡಿಸುತ್ತಿದ್ದ ಹಿರಿಯರು ತಲೆಯೆತ್ತದೆಯೇ, "ಸಾರ್, ಹನ್ನೆರಡನೇ ಪುಟದಲ್ಲಿ ಗೌಡರು ಮಾರಿದ ಎಮ್ಮೆ ಮೂವತ್ತನೇ ಪುಟದಲ್ಲಿ ಹಾಲು ಕೊಡುತ್ತಿದೆ" ಎಂದರು. ಅದೇ ಕಥೆಯನ್ನು ಮೂವರು ಪದವೀಧರ ಗೆಳೆಯರು "ಅದ್ಭುತ" ಎಂದಿದ್ದರು. ಅಕ್ಷರಕ್ಕೊಂದರಂತೆ ಮೊಳೆ ಎತ್ತಿಡುವವನು ಪ್ರತಿ ಅಕ್ಷರವನ್ನೂ ನೋಡಲೇಬೇಕಿತ್ತು. ಈಗ ಆ ಮನುಷ್ಯ ನಡುವೆ ಇಲ್ಲ. 'ನುಡಿ' ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಕಡತ ಯೂನಿಕೋಡ್‌ಗೆ ಬದಲಾಗುವಾಗ ಒತ್ತಕ್ಷರ ಎಲ್ಲೆಲ್ಲೋ ಹಾರುತ್ತದೆ, ಎಮ್ಮೆ ಹಾಗೆಯೇ ಹಾಲು ಕೊಡುತ್ತಿರುತ್ತದೆ. (ನನ್ನ ಪುಸ್ತಕದ ಸಾವಿರ ಪ್ರತಿಯಲ್ಲಿ ಆರುನೂರನ್ನು ಮಂಚದ ಕೆಳಗೆ ಗೆದ್ದಲು ಓದಿತು. ಅದರ ಅಭಿಪ್ರಾಯ ತಿಳಿಯಲಿಲ್ಲ.)

ನಿಮ್ಮ ಎರಡು ಕಥೆ ಓದಿದೆ. ವರ್ಗಾವಣೆಯ ಕಥೆ ವರದಿಯಂತಿದೆ, ಸಂಕಲನದಿಂದ ತೆಗೆಯಿರಿ. ಮಂಡಕ್ಕಿ ಭಟ್ಟಿಯ ಕಥೆ ಬೇರೆಯೇ ಜಾತಿಯದು. ಕಾದ ಮರಳಿನಲ್ಲಿ ಅಕ್ಕಿ ಅರಳುವ ಸದ್ದು ಕೇಳಿಯೇ ಉರಿ ಹೆಚ್ಚಾಯಿತೆಂದು ಹೇಳುವ ಆ ಹೆಂಗಸನ್ನು ನಾನು ಕಂಡಿದ್ದೇನೆ ಅನ್ನಿಸಿತು. ಆದರೆ ಕೊನೆಯಲ್ಲಿ ಅವಳ ಬಾಯಲ್ಲಿ ನೀವು ಮಾಡಿಸಿದ ಭಾಷಣ ಅವಳದಲ್ಲ, ಶಾಲೆಯ ವಾರ್ಷಿಕೋತ್ಸವದ್ದು. ಕೊನೆಯ ಹನ್ನೊಂದು ಸಾಲುಗಳಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಕಳುಹಿಸಿದ್ದೇನೆ. ಅವು ಹೋಗಬಹುದಾದರೆ ಮುಂದಿನ ತಿಂಗಳ ಸಂಚಿಕೆಯಲ್ಲಿ ಈ ಕಥೆಗೆ ನಾಲ್ಕು ಪುಟ ಹಿಡಿದಿಟ್ಟಿದ್ದೇನೆ. ಗೌರವಧನ ಚಿಕ್ಕದು, ಹಕ್ಕು ನಿಮ್ಮದೇ. 20ನೇ ತಾರೀಖಿನೊಳಗೆ ಒಂದು ಕಾರ್ಡು ಹಾಕಿ.

ಸಂಪಾದಕ